ಐದನೇ ಕೋಟು

ದೀಕ್ಷಾ, ಸುಹಾನ್,

ನಿಮಗಿಬ್ಬರಿಗೂ ಕನ್ನಡ ಓದುವುದೆಂದರೆ ಬೇಸರ ಎಂದು ನನಗೆ ಗೊತ್ತು. ಆದರೆ ನನಗೆ ಬರೆಯಲು ಬರುವುದು ಇದೊಂದೇ. ಅದೂ ಊರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತದ್ದು. ಅಕ್ಷರ ದೊಡ್ಡದಾಗಿ, ಬಿಡಿಬಿಡಿಯಾಗಿ ಬರೆದಿದ್ದೇನೆ. ತಿಳಿಯದ ಕಡೆ ನಿಮ್ಮಮ್ಮನನ್ನು ಕೇಳಿ. ಅವಳಿಗೂ ಓದುವ ಅಭ್ಯಾಸ ತಪ್ಪಿಹೋಗಬಾರದು.

ದೀಕ್ಷಾ, ಮೊನ್ನೆ ಫೋನಿನಲ್ಲಿ ನೀನು ಸಿಟ್ಟಿನಿಂದ ಕೇಳಿದೆ: “ಅಜ್ಜಿ, ಟೀಮಿಗೆ ಆರಿಸುವಾಗ ಅವರು ಎಂತ ನೋಡ್ತಾರೆ? ನಾನು ಅಷ್ಟು ಪ್ರಾಕ್ಟೀಸ್ ಮಾಡಿದ್ದು ಯಾರಿಗೂ ಕಾಣಲಿಲ್ವಾ?” ನಾನು ಹೂಂ ಎಂದೆ. ನನ್ನ ಹೂಂ ನಿನಗೆ ಗೊತ್ತೇ ಇದೆ. ಫೋನಿನಲ್ಲಿ ನನಗೆ ಮಾತು ಬರುವುದಿಲ್ಲ. ಎದುರಿಗೂ ಅಷ್ಟಾಗಿ ಬರುವುದಿಲ್ಲ. ನೀನು ಫೋನ್ ಇಟ್ಟ ಮೇಲೆ ಹೇಳಬೇಕಾದದ್ದೆಲ್ಲ ನೆನಪಿಗೆ ಬಂತು. ಆಟಗಾರರನ್ನು ಹೇಗೆ ಆರಿಸುತ್ತಾರೆ ಎಂಬುದನ್ನು ನಾನು ಒಮ್ಮೆ ತೀರ ಹತ್ತಿರದಿಂದ, ಅಂದರೆ ಕತ್ತರಿ ಹಿಡಿದು ಕಾಯುತ್ತಾ ಕೂತು ನೋಡಿದ್ದೇನೆ.

ಎರಡು ಸಾವಿರದ ಏಳೋ ಎಂಟೋ ಇರಬೇಕು. ನೀವಿಬ್ಬರೂ ಹುಟ್ಟಿರಲಿಲ್ಲ. ನಿಮ್ಮ ಅಜ್ಜ ದುಖಾನ್‌ನಲ್ಲಿ ತೀರಿಕೊಂಡ ಮೇಲೆ ನಾನು ದೋಹಾದ ಐನ್ ಖಾಲಿದ್‌ಗೆ, ನಿಮ್ಮಮ್ಮನ ಮನೆಗೆ ಬಂದಿದ್ದೆ. ಅಜ್ಜನ ವೀಸಾದ ಮೇಲೆ ನೀವಿರುವ ಆ ದೇಶಕ್ಕೆ ಹೋದವಳು ನಾನು. ಅಜ್ಜ ಹೋದಾಗ ವೀಸಾವೂ ಹೋಯಿತು. ಹೆಂಗಸರ ಬಟ್ಟೆ ಹೊಲಿಯುವ ಒಂದು ಅಂಗಡಿಯವರು ತಮ್ಮ ಹೆಸರಲ್ಲಿ ವೀಸಾ ಮಾಡಿಸಿದ್ದರಿಂದ ಉಳಿದುಕೊಂಡೆ. ಆ ಅಂಗಡಿಯಲ್ಲಿ ಮುಂದಿನ ಕೌಂಟರಿನಲ್ಲಿ ಮ್ಯಾನೇಜರ್, ಪುತ್ತೂರು ಕಡೆಯ ಬ್ಯಾರಿ. ಅವರು ನನ್ನನ್ನು ಅಕ್ಕ ಎನ್ನುತ್ತಿದ್ದರು, ನಾನು ಸಾಹೇಬರೇ ಎನ್ನುತ್ತಿದ್ದೆ. ಪರದೆಯ ಹಿಂದೆ ಕತ್ತರಿಸುವ ಮೇಜು, ಹೊಲಿಗೆ ಮಿಷನ್ನುಗಳು, ನಾನು ಮತ್ತು ಒಬ್ಬಳು ಫಿಲಿಪೀನ್ಸ್ ಹೆಂಗಸು. ಅವಳ ಭಾಷೆ ನನಗೆ ಬಾರದು, ನನ್ನದು ಅವಳಿಗೆ ಬಾರದು. ಅದರಿಂದ ನಮ್ಮಿಬ್ಬರಿಗೂ ತುಂಬ ಆರಾಮವಾಗಿತ್ತು.

ಆ ವರ್ಷ ಹುಡುಗಿಯರ ಕಾಲೇಜುಗಳ ಬಾಸ್ಕೆಟ್‌ಬಾಲ್ ಪಂದ್ಯಗಳು ಮುಗಿಯುವಾಗ, ಇಡೀ ದೇಶದ ಕಾಲೇಜುಗಳಿಂದ ಐದು ಜನ ಉತ್ತಮ ಆಟಗಾರ್ತಿಯರನ್ನು ಆರಿಸಿ, ಎದೆಯ ಮೇಲೆ ಲಾಂಛನವಿರುವ ಮರೂನ್ ಕೋಟು ತೊಡಿಸಿ ಗೌರವಿಸುವುದೆಂದು ತೀರ್ಮಾನವಾಗಿತ್ತು. ಹುಡುಗರಿಗೆ ಅದು ಮೊದಲೇ ಇತ್ತು. ಹುಡುಗಿಯರಿಗೆ ಅದೇ ಮೊದಲು. ಹುಡುಗಿಯರನ್ನು ಅಳೆಯಲು ಹೆಂಗಸೇ ಬೇಕಾದ್ದರಿಂದ ಕೆಲಸ ನಮ್ಮ ಅಂಗಡಿಗೆ ಬಂತು.

ಆಯ್ಕೆಯ ಕ್ರಮ ಹೀಗಿತ್ತು. ಪ್ರತಿ ಕಾಲೇಜಿನ ಕೋಚ್ ಮೂವರ ಹೆಸರು ಕೊಡಬೇಕು. ಆಯ್ಕೆ ಸಮಿತಿ ಅದರಲ್ಲಿ ಐವರನ್ನು ಆರಿಸಬೇಕು. ಒಂದು ಕಾಲೇಜಿನಿಂದ ಇಬ್ಬರಿಗಿಂತ ಹೆಚ್ಚು ಕೂಡದು. ವೇದಿಕೆಯ ಮೇಲೆ ಕರೆಯುವವರೆಗೆ ಯಾರು ಎಂದು ಯಾರಿಗೂ ತಿಳಿಯಬಾರದು. ಕೇಳುವಾಗ ಚೆನ್ನಾಗಿದೆ. ಆದರೆ ಹುಡುಗಿಯರ ಪಂದ್ಯಕ್ಕೆ ಗಂಡಸರಿಗೆ ಪ್ರವೇಶವಿಲ್ಲ. ಕ್ಯಾಮೆರಾ ಇರುವ ಮೊಬೈಲನ್ನು ಕೂಡ ಬಾಗಿಲಲ್ಲಿ ತೆಗೆದಿಟ್ಟುಕೊಳ್ಳುತ್ತಿದ್ದರು. ಆ ಪದ್ಧತಿಯ ಬಗ್ಗೆ ನನಗೇನೂ ತಕರಾರಿಲ್ಲ, ನನಗೇ ಅಲ್ಲಿ ನಿರಾಳವಾಗಿತ್ತು. ತಕರಾರು ಏನೆಂದರೆ, ವೆಸ್ಟ್ ಬೇಯ ಗಾಜಿನ ಕಟ್ಟಡದಲ್ಲಿ ಕೂರುತ್ತಿದ್ದ ಸಮಿತಿಯಲ್ಲಿದ್ದವರೆಲ್ಲ ಗಂಡಸರು. ಆರಿಸಬೇಕಾದವರು ಒಂದು ಆಟವನ್ನೂ ನೋಡಿರಲಿಲ್ಲ, ನೋಡುವ ಹಾಗೂ ಇರಲಿಲ್ಲ. ಅವರ ಮುಂದೆ ಇದ್ದದ್ದು ಯಾರು ಎಷ್ಟು ಪಾಯಿಂಟ್ ಹಾಕಿದರು ಎಂಬ ಹಾಳೆಗಳು ಮಾತ್ರ. ಅವರ ಪರವಾಗಿ ನೋಡಿ ಬಂದು ಹೇಳಲು ಈಜಿಪ್ಟಿನ ಮೇಡಂ ಒಬ್ಬರನ್ನು ನೇಮಿಸಿದ್ದರು. ನಿವೃತ್ತರಾದ ಆಟದ ಟೀಚರ್. ಎಲ್ಲ ಪಂದ್ಯಗಳಿಗೂ ಬಂದು, ಕಾಲ ಮೇಲೆ ಕಾಲು ಹಾಕಿ ಕೂತು, ಯಾರೊಡನೆಯೂ ಮಾತಾಡದೆ ನೋಡುತ್ತಿದ್ದರು.

ಸಮಿತಿಯ ಆಫೀಸಿನಲ್ಲಿ ಸೆಕ್ರೆಟರಿಯಾಗಿದ್ದ ಹೆಂಗಸು ಬಟ್ಟೆಯ ಗಂಟು ಹಿಡಿದು ಅಂಗಡಿಗೆ ಬಂದರು. ಬಾಗಲಕೋಟೆ ಕಡೆಯವರು, ಗಂಡ ಆಯಿಲ್ ಕಂಪನಿಯಲ್ಲಿದ್ದರು. ನನ್ನ ಕನ್ನಡ ಕೇಳಿ ಅವರಿಗೆ ಬಹಳ ಸಂತೋಷವಾಯಿತು.

“ಅಕ್ಕಾರ, ನೀವು ನಮ್ಮವರ ಅಂತ ಗೊತ್ತಾಗಿ ಭಾಳ ಛಲೋ ಆತ್ ನೋಡ್ರಿ. ಇನ್ನ ಎಲ್ಲಾ ಸಲೀಸು.”

ಸಲೀಸು ಎಂಬ ಮಾತನ್ನು ನಾನು ಆ ಕೆಲಸದಲ್ಲಿ ಕೇಳಿದ್ದು ಅದೊಂದೇ ಸಲ.

ಅಳತೆ ಎಂದು ಒಂದು ಹಾಳೆ ಕೊಟ್ಟರು. ಹೆಸರುಗಳ ಮುಂದೆ ಸ್ಮಾಲ್, ಮೀಡಿಯಂ, ಲಾರ್ಜ್ ಎಂದಿತ್ತು.

“ಇದರಲ್ಲಿ ಕೋಟು ಆಗುವುದಿಲ್ಲ ಮೇಡಂ,” ಎಂದೆ. ಅಂಗಿಯಾದರೆ ಹೇಗೋ ಆಗುತ್ತದೆ. ಕೋಟು ನಿಲ್ಲುವುದು ಭುಜದ ಮೇಲೆ. ಭುಜ ತಪ್ಪಿದರೆ ಮತ್ತೆ ಯಾವುದೂ ಸರಿಯಾಗುವುದಿಲ್ಲ. ಇಷ್ಟು ಹೇಳುವಷ್ಟರಲ್ಲಿ ನನಗೆ ಬೆವರಿತ್ತು.

“ಹಂಗಂದ್ರ ಎಲ್ಲಾರ್ನೂ ಅಳೀಬೇಕಾತು. ಆದ್ರ ಯಾತಕ್ಕಂತ ಹೇಳಂಗಿಲ್ರೀ. ಗುಟ್ಟೈತಿ. ಹೊಲಿದ ಮ್ಯಾಲೆ ತೊಡಿಸಿ ನೋಡೂದೂ ಇಲ್ಲ.”

“ಟ್ರಯಲ್ ಇಲ್ಲದೆ ಕೋಟಾ?”

“ತೊಡಿಸಿದ್ರ ಯಾರಿಗೆ ಅಂತ ಗೊತ್ತಾಗ್ತದಲ್ರೀ.”

“ಅಳೆಯುವಾಗ ಅವರು ಕೇಳಿದರೆ ಏನು ಹೇಳಲಿ?”

“ಏನೂ ಹೇಳಬ್ಯಾಡ್ರಿ. ನೀವು ಹೆಂಗೂ ಮಾತಾಡೂದಿಲ್ಲಲ್ಲ.”

ಮ್ಯಾನೇಜರ್ ಕೌಂಟರಿನಲ್ಲಿ ನಕ್ಕದ್ದು ಪರದೆಯ ಒಳಗೆ ಕೇಳಿಸಿತು.

ಬಟ್ಟೆ ಪರದೇಶದಿಂದ ತರಿಸಿದ್ದು. ಒಳ್ಳೆಯ ಉಣ್ಣೆ, ಮೈಮೇಲೆ ಬಿದ್ದರೆ ನೀರಿನ ಹಾಗೆ ಕೂರುವಂಥದ್ದು. ಐವರೂ ಎತ್ತರದವರಾದರೂ ಐದು ಕೋಟುಗಳಿಗೆ ಸರಿಯಾಗುವಷ್ಟಿತ್ತು, ಆರನೆಯದಕ್ಕೆ ಇರಲಿಲ್ಲ. ಅದೇ ಬಣ್ಣ ಮತ್ತೆ ಬೇಕೆಂದರೆ ಅಲ್ಲಿಂದಲೇ ಬರಬೇಕು. ಸಮಾರಂಭದ ದಿನ ನಿಗದಿಯಾಗಿತ್ತು, ಬರುವ ಅತಿಥಿ ದೊಡ್ಡ ಮನೆತನದ ಹೆಂಗಸು. ಆ ದಿನವನ್ನು ಯಾರೂ ಬದಲಿಸುವ ಹಾಗಿರಲಿಲ್ಲ. ಬದಲಾಗದೆ ಇದ್ದದ್ದು ಅದೊಂದೇ.

ಹೀಗೆ ನಾನು ಕಾಲೇಜಿನ ವ್ಯಾನಿನಲ್ಲಿ ಪಂದ್ಯಗಳಿಗೆ ಹೋಗತೊಡಗಿದೆ. ಹೊರಗಿನ ಸಡಿಲ ಉಡುಪಿನ ಮೇಲೆ ಅಳೆದರೆ ಅಳತೆ ಸಿಗುವುದಿಲ್ಲ. ಆಟ ಮುಗಿದು, ಆಟದ ಬಟ್ಟೆಯಲ್ಲೇ ಇರುವಾಗ, ಉಡುಪು ಬದಲಿಸುವ ಕೋಣೆಯಲ್ಲಿ ಅಳೆಯಬೇಕು. ಆದ್ದರಿಂದ ಆಟ ಮುಗಿಯುವವರೆಗೆ ಟೇಪನ್ನು ಕುತ್ತಿಗೆಗೆ ಹಾಕಿಕೊಂಡು ಬೆಂಚಿನ ಕೊನೆಯಲ್ಲಿ ಕೂರಬೇಕಿತ್ತು. ನನಗೆ ಆಟವೆಂದರೆ ಶಾಲೆಯಲ್ಲಿ ಆಡಿದ ಥ್ರೋಬಾಲ್ ಮಾತ್ರ. ಮೊದಮೊದಲು ಆ ಶೂಗಳ ಕೀಚು ಸದ್ದಿಗೇ ತಲೆನೋವು ಬರುತ್ತಿತ್ತು. ಆಮೇಲೆ ಸ್ವಲ್ಪ ಸ್ವಲ್ಪ ಹಿಡಿತಕ್ಕೆ ಬಂತು. ಹತ್ತಿರದಿಂದ ಬುಟ್ಟಿಗೆ ಹಾಕಿದರೆ ಎರಡು, ದೂರದ ಗೆರೆಯ ಹೊರಗಿನಿಂದ ಹಾಕಿದರೆ ಮೂರು. ಹಾಳೆಯಲ್ಲಿ ಬರೆದುಕೊಳ್ಳುವುದು ಹಾಕಿದವಳನ್ನು ಮಾತ್ರ. ಅವಳ ಕೈಗೆ ಚೆಂಡು ತಂದುಕೊಟ್ಟವಳಿಗೆ ಆ ಹಾಳೆಯಲ್ಲಿ ಜಾಗವಿಲ್ಲ.

ನಾನು ಹೇಳಬೇಕಾದ ಇಬ್ಬರು ಹುಡುಗಿಯರು ಒಂದೇ ಕಾಲೇಜಿನವರು. ಒಬ್ಬಳು ಉದ್ದ, ಸಪೂರ. ಕೈ ಎತ್ತಿದರೆ ಬುಟ್ಟಿಯ ಬಲೆ ಮುಟ್ಟುತ್ತದೆಯೋ ಎನ್ನುವ ಹಾಗೆ. ಇನ್ನೊಬ್ಬಳು ಗಿಡ್ಡ, ಅಗಲ ಭುಜದವಳು. ದೋಹಾದಲ್ಲೇ ಬೆಳೆದ ಸುಡಾನ್‌ನ ಹುಡುಗಿ. ಅವಳು ಬುಟ್ಟಿಯ ಕಡೆ ನೋಡುತ್ತಲೇ ಇರಲಿಲ್ಲ. ಚೆಂಡು ಹಿಡಿದು ಒಂದು ಕಡೆ ನೋಡುತ್ತಾ ಇನ್ನೊಂದು ಕಡೆ ಕೊಡುವಳು. ಕೊಟ್ಟ ಕಡೆ ಉದ್ದದವಳು ಬಂದಿರುತ್ತಿದ್ದಳು. ಒಂದು ಪಂದ್ಯದಲ್ಲಿ ಗಿಡ್ಡಿಯನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿದಾಗ ಉದ್ದದವಳು ದಾರಿ ತಪ್ಪಿದವಳ ಹಾಗೆ ಅಂಗಳದ ನಡುವೆ ನಿಂತುಬಿಟ್ಟಳು. ಆಗ ಈಜಿಪ್ಟಿನ ಮೇಡಂ ಕಾಲಿನ ಮೇಲಿನ ಕಾಲು ಇಳಿಸಿ, ಮುಂದೆ ಬಾಗಿ, ಏನೋ ಬರೆದುಕೊಂಡರು.

ಅಳೆಯುವುದು ಗುಟ್ಟು ಎಂದಿದ್ದರಲ್ಲ, ಹದಿನೆಂಟು ಇಪ್ಪತ್ತು ವಯಸ್ಸಿನ ಹುಡುಗಿಯರ ಮುಂದೆ ಯಾವ ಗುಟ್ಟು ನಿಲ್ಲುತ್ತದೆ? “ಆಂಟಿ, ಇದು ಕೋಟಿಗಾ?” ಎಂದು ಎಲ್ಲರೂ ಕೇಳುವವರೇ. ನನಗೆ ಗೊತ್ತಿದ್ದ ನಾಲ್ಕು ಅರಬ್ಬಿ ಮಾತಿನಲ್ಲಿ “ಮಾಫಿ ಮಾಲೂಮ್” ಎನ್ನುತ್ತಿದ್ದೆ. ನನಗೆ ಗೊತ್ತಿಲ್ಲ ಎಂದು; ಮಾಫಿ ಎಂದರೆ ಇಲ್ಲ. ಅವರು ಅದನ್ನೇ ಹಾಡಿನ ಹಾಗೆ ಹೇಳಿ ನನ್ನನ್ನು ಅಣಕಿಸುತ್ತಿದ್ದರು.

ಗಿಡ್ಡಿಯನ್ನು ಅಳೆಯುವಾಗ ಅವಳು ಮೆಲ್ಲಗೆ ಹಿಮ್ಮಡಿ ಎತ್ತಿದಳು. ಉದ್ದದವಳು ನೋಡಿಬಿಟ್ಟಳು. “ಆಂಟಿ, ಕಳ್ಳಿ ಇವಳು, ಕಾಲು ನೋಡಿ.” ನಾನು ಟೇಪಿನ ತುದಿಯಿಂದ ಅವಳ ಹಿಮ್ಮಡಿಗೆ ತಟ್ಟಿದೆ. “ಶ್ವಯ್ಯ ಶ್ವಯ್ಯ ಆಂಟಿ,” ಎಂದು ನಕ್ಕು ಕೆಳಗಿಳಿದಳು. ಸ್ವಲ್ಪವೇ ಸ್ವಲ್ಪ ಎಂದರ್ಥ.

ಅವಳು ಹೋದ ಮೇಲೆ ಉದ್ದದವಳ ಸರದಿ. ಟಿವಿ ನೋಡಿ ಕಲಿತ ಹಿಂದಿ ಅವಳದು, ದುಖಾನ್‌ನಲ್ಲಿ ಕಲಿತ ಹಿಂದಿ ನನ್ನದು. ನಾನು ಸ್ಟೂಲಿನ ಮೇಲೆ ನಿಂತು ಭುಜ ಅಳೆಯುತ್ತಿದ್ದೆ. ಅವಳು ಸ್ವರ ತಗ್ಗಿಸಿ ಹೇಳಿದಳು: “ಆಂಟಿ, ಅವಳದನ್ನು ಸರಿಯಾಗಿ ಅಳೆದಿರಲ್ಲ? ಅವಳ ಬಾಬಾ ಕೆಲಸ ಖಲಾಸ್. ಬೇಸಗೆಗೆ ಮನೆಯವರೆಲ್ಲ ಸುಡಾನ್‌ಗೆ ವಾಪಸ್. ಕೋಟು ಸಿಕ್ಕಿದರೆ ಕಾಲೇಜಿನವರು ಅವಳನ್ನು ಕೋಚ್ ಮಾಡಿ ಇಟ್ಟುಕೊಳ್ಳುತ್ತಾರಂತೆ, ವೀಸಾ ಕೊಡುತ್ತಾರಂತೆ. ಸಿಗದಿದ್ದರೆ ಅವಳೂ ಹೋಗಬೇಕು.”

“ನಿನಗೆ ಬೇಡವಾ ಕೋಟು?” ಎಂದು ಕೇಳಿದೆ. ಕೇಳಿದ ಮೇಲೆ ನನಗೇ ಆಶ್ಚರ್ಯವಾಯಿತು.

“ಬೇಕು. ಯಾರಿಗೆ ಬೇಡ?” ಎಂದಳು ಅವಳು. “ಆದರೆ ನಾನು ಇಲ್ಲೇ ಇರುತ್ತೇನಲ್ಲ.”

ವೀಸಾ ಎಂಬ ಆ ಒಂದು ಮಾತು ಸಾಕಾಗಿತ್ತು. ಅದರ ಅರ್ಥವನ್ನು ಯಾರೂ ನನಗೆ ಬಿಡಿಸಿ ಹೇಳಬೇಕಿರಲಿಲ್ಲ.

ಮಕ್ಕಳೇ, ಇನ್ನು ಮುಂದಿನದು ಫೋನಿನ ಕಥೆ.

ನಾಲ್ವರ ಹೆಸರು ಬೇಗ ಬಂತು. ನಾನು ಅವರ ಕೋಟುಗಳನ್ನು ಕತ್ತರಿಸಿ, ಎದೆಗೆ ಕ್ಯಾನ್ವಾಸ್ ಕೂಡಿಸಿ, ಕಚ್ಚಾ ಹೊಲಿಗೆ ಹಾಕಿ, ಅಸ್ತರು ಕೊಟ್ಟು, ಇಸ್ತ್ರಿಗೆ ತಂದೆ. ಅದರಲ್ಲಿ ಒಬ್ಬಳು ಈ ಇಬ್ಬರ ಕಾಲೇಜಿನ ಕ್ಯಾಪ್ಟನ್. ಹಾಗಾಗಿ ಆ ಕಾಲೇಜಿಗೆ ಉಳಿದದ್ದು ಒಂದೇ ಜಾಗ, ಐದನೆಯದು. ಉದ್ದದವಳೋ ಗಿಡ್ಡಿಯೋ. ಅದು ಮಾತ್ರ ತೀರ್ಮಾನವಾಗಲಿಲ್ಲ.

ಭಾನುವಾರ ಸೆಕ್ರೆಟರಿ ಫೋನ್ ಮಾಡಿ ಉದ್ದದವಳು ಎಂದರು. ಬಟ್ಟೆ ಹಾಸಿ ಚಾಕ್‌ನಲ್ಲಿ ಗುರುತು ಹಾಕಿದೆ. ಸಂಜೆಗೆ ಮತ್ತೆ ಫೋನ್: “ತಡೀರಿ ಅಕ್ಕಾರ, ಕತ್ತರಿ ಹಾಕಬ್ಯಾಡ್ರಿ.” ಚಾಕನ್ನು ಬ್ರಷ್‌ನಿಂದ ಉಜ್ಜಿ ತೆಗೆದೆ. ಮರುದಿನ ಗಿಡ್ಡಿ ಎಂದರು. ಗುರುತು ಹಾಕಿದೆ. ಮತ್ತೆ ತಡೀರಿ. ಉಣ್ಣೆ ಬಟ್ಟೆಯ ಮೇಲೆ ಪದೇ ಪದೇ ಉಜ್ಜಿದರೆ ಅದರ ಹೊಳಪು ಹೋಗುತ್ತದೆ, ಆದ್ದರಿಂದ ಇಬ್ಬರ ಅಳತೆಗೂ ದಪ್ಪ ಕಾಗದದ ಅಚ್ಚು ಕತ್ತರಿಸಿ ಗೋಡೆಯ ಮೊಳೆಗೆ ತೂಗುಹಾಕಿದೆ. ಒಂದು ಉದ್ದ, ಒಂದು ಗಿಡ್ಡ. ಫ್ಯಾನಿನ ಗಾಳಿಗೆ ಎರಡೂ ಒಂದಕ್ಕೊಂದು ತಾಗಿಕೊಂಡು ಸದ್ದು ಮಾಡುತ್ತಿದ್ದವು.

“ಎಂತ ಅಕ್ಕ, ಆ ಬಟ್ಟೆಗೆ ಮುಹೂರ್ತ ನೋಡ್ತಾ ಇದ್ದೀರಾ?” ಎಂದು ಮ್ಯಾನೇಜರ್ ಪರದೆಯ ಆಚೆಯಿಂದ. “ಇಡೀ ಮೇಜಿನಲ್ಲಿ ಅದೇ ಮಲಗಿದೆ ಮಾರಾಯ್ರೆ. ಮದುವೆ ಬಟ್ಟೆಗಳು ಅಲ್ಲೇ ಬಾಕಿ ಉಂಟು.”

“ಹೆಸರು ಬರಲಿಲ್ಲ ಸಾಹೇಬರೇ.”

“ಬರದಿದ್ರೆ ನೀವೇ ಒಂದು ಹೆಸರಿಟ್ಟುಬಿಡಿ. ಉದ್ದದ ಹುಡುಗಿ ಅಳತೆಗೆ ಕತ್ತರಿಸಿ ಇಡ್ಲಿಕ್ಕೆ ಆಗುದಿಲ್ವಾ? ಬೇಕಾದ್ರೆ ಆಮೇಲೆ ಗಿಡ್ಡ ಮಾಡುದು.”

ಎಲ್ಲರಿಗೂ ಹಾಗೇ ಅನ್ನಿಸುತ್ತದೆ. ಕೋಟನ್ನು ಕೆಳಗಿನಿಂದ ಮಡಿಸಿದರೆ ಗಿಡ್ಡವಾಗುವುದು ಅಂಚು ಮಾತ್ರ. ಜೇಬು, ಸೊಂಟ, ಗುಂಡಿ ಎಲ್ಲವೂ ತಮ್ಮ ಜಾಗದಲ್ಲೇ ಇರುತ್ತವೆ, ಅವಳ ಜಾಗದಲ್ಲಿ ಅಲ್ಲ. ಅಪ್ಪನ ಕೋಟು ಹಾಕಿಕೊಂಡ ಮಗುವಿನ ಹಾಗೆ ಕಾಣುತ್ತದೆ. ಅದನ್ನು ತೊಟ್ಟು ಇಡೀ ಸಭೆಯ ಮುಂದೆ ನಿಲ್ಲಬೇಕಾದವರು ಮ್ಯಾನೇಜರ್ ಅಲ್ಲವಲ್ಲ.

ಇದರ ನಡುವೆ ಸೆಕ್ರೆಟರಿ ಇನ್ನೊಂದು ವಿಷಯ ತಂದರು. “ಅಧ್ಯಕ್ಷರು ಏನಂತಾರ ಅಂದ್ರ, ಐದೂ ಮಂದಿ ಸಾಲಾಗಿ ನಿಂತ್ರ ಒಂದೇ ಎತ್ತರ ಕಾಣಬೇಕಂತ್ರೀ. ನಾಲ್ಕು ಉದ್ದ, ಒಂದು ಗಿಡ್ಡ ಅಂದ್ರ ಛಂದ ಕಾಣಂಗಿಲ್ಲ ಅಂತ.”

“ಫೋಟೋ ತೆಗೆಯುವುದಿಲ್ಲವಲ್ಲ ಮೇಡಂ?”

“ಇಲ್ರೀ.”

“ಅಧ್ಯಕ್ಷರು ಒಳಗೆ ಬರುವ ಹಾಗಿಲ್ಲವಲ್ಲ?”

“ಬರಂಗಿಲ್ರೀ.”

“ಮತ್ತೆ ಯಾರಿಗೆ ಕಾಣಬೇಕು?”

“ಅದನ್ನ ನಾ ಕೇಳಿಲ್ರೀ ಅಕ್ಕಾರ. ನನಗೂ ನೌಕರಿ ಬೇಕಲ್ಲ.”

ಆ ವಾರ ಮನೆಯಲ್ಲೂ ನಾನು ಸಿಡುಕುತ್ತಿದ್ದೆನಂತೆ. ಸಾರಿಗೆ ಉಪ್ಪು ಎರಡು ಸಲ ಹಾಕಿದ್ದೆ. ನಿಮ್ಮಪ್ಪ ಊಟ ಮಾಡುತ್ತಾ “ಅತ್ತೆ, ಐದನೆಯವಳು ಯಾರೆಂದು ಗೊತ್ತಾಯಿತಾ?” ಎಂದು ಕೇಳಿದ್ದಕ್ಕೆ ನಾನು ತಟ್ಟೆ ಎತ್ತಿಕೊಂಡು ಒಳಗೆ ಹೋದೆ ಎಂದು ನಿಮ್ಮಮ್ಮ ಈಗಲೂ ಹೇಳಿ ನಗುತ್ತಾಳೆ.

ಕೊನೆಗೆ ಈಜಿಪ್ಟಿನ ಮೇಡಂ ಸಭೆಯಲ್ಲಿ ಜಗಳ ತೆಗೆದರಂತೆ. ಸೆಕ್ರೆಟರಿ ನನಗೆ ಅದನ್ನು ಖುಷಿಯಿಂದ ವರದಿ ಮಾಡಿದರು: “‘ನಾ ಎಲ್ಲಾ ಮ್ಯಾಚ್ ನೋಡೀನಿ, ನೀವು ಒಂದೂ ನೋಡಿಲ್ಲ. ಆ ಸಣ್ಣ ಹುಡುಗಿ ಇಲ್ಲಂದ್ರ ಆ ಟೀಮ್ ಇಲ್ಲ. ನನ್ನ ಮಾತು ಬ್ಯಾಡಂದ್ರ ನನ್ನ ಯಾಕ ಕರದ್ರಿ?’ ಅಂದ್ರು ನೋಡ್ರಿ. ಎಲ್ಲಾರೂ ಚಹಾ ಕಪ್ಪಿನ್ಯಾಗ ಮುಖ ಇಟ್ಟು ಕುಂತ್ರು.”

“ಹಾಗಾದರೆ ಗಿಡ್ಡಿಯೇ?”

“ಅಕಿನ ರೀ. ಅಧ್ಯಕ್ಷರ ಸಹಿ ಆಗೇತಿ.”

“ಕತ್ತರಿಸಲಾ?”

“ಕತ್ತರಸ್ರಿ.”

“ಮೇಡಂ, ಕತ್ತರಿ ಹಾಕಿದ ಮೇಲೆ ಮತ್ತೆ ಜೋಡಿಸಲಾಗುವುದಿಲ್ಲ. ಕತ್ತರಿಸಲಾ?”

“ಕತ್ತರಸ್ರಿ ಅಂದೆನಲ್ರೀ ಅಕ್ಕಾರ.”

ಗೋಡೆಯಿಂದ ಗಿಡ್ಡ ಅಚ್ಚನ್ನು ತೆಗೆದೆ. ಬಟ್ಟೆಯ ಅಂಚು ನೇರ ಮಾಡಿ, ಅಚ್ಚು ಇಟ್ಟು, ಭಾರಕ್ಕೆ ಇಸ್ತ್ರಿಪೆಟ್ಟಿಗೆ ಇಟ್ಟು, ಕತ್ತರಿ ಹಾಕಿದೆ. ಒಳ್ಳೆಯ ಉಣ್ಣೆಗೆ ಕತ್ತರಿ ಬೀಳುವ ಸದ್ದು ಬೇರೆಯೇ. ಅಷ್ಟು ದಿನದ ಕಿರಿಕಿರಿ ಆ ಸದ್ದಿನಲ್ಲಿ ಇಳಿದುಹೋಯಿತು. ಅವಳಿಗಾಗಿ ಒಳಗಿನ ಭುಜಪಟ್ಟಿಯನ್ನು ಕೂದಲೆಳೆಯಷ್ಟು ಎತ್ತರಿಸಿದೆ. ಹಿಮ್ಮಡಿಯಲ್ಲಿ ಕೇಳಿದ್ದನ್ನು ಅಲ್ಲಿ ಕೊಟ್ಟೆ. ಎರಡೇ ದಿನದಲ್ಲಿ ತೋಳು ಕೂಡಿಸುವುದೊಂದು ಬಿಟ್ಟು ಎಲ್ಲ ಆಯಿತು.

ಅವತ್ತೇ ಮಧ್ಯಾಹ್ನ ಸೆಕ್ರೆಟರಿ ಫೋನ್ ಮಾಡದೆ ತಾವೇ ಬಂದರು. ಮುಖ ನೋಡಿಯೇ ನನಗೆ ಗೊತ್ತಾಯಿತು.

ಸಮಿತಿಯಲ್ಲಿ ಹಿಂದಿನ ಸಭೆಗೆ ಬಾರದಿದ್ದ ಒಬ್ಬರು ಈ ಸಲ ಬಂದಿದ್ದರಂತೆ. ಪಾಯಿಂಟಿನ ಹಾಳೆ ನೋಡಿ, ಇಷ್ಟು ಕಡಿಮೆ ಹಾಕಿದವಳಿಗೆ ಕೋಟು ಕೊಟ್ಟರೆ ನಾಳೆ ಕೇಳಿದವರಿಗೆ ಏನು ತೋರಿಸುವುದು ಎಂದರಂತೆ. ತೋರಿಸಲು ಹಾಳೆ ಬೇಕು. ಈಜಿಪ್ಟಿನ ಮೇಡಂ ಆ ದಿನ ಬಂದಿರಲಿಲ್ಲ. ಹಾಗಾಗಿ ಮತ್ತೆ ಉದ್ದದವಳು.

“ನನಗ ಸಾಕಾಗೇತ್ರೀ ಅಕ್ಕಾರ,” ಎಂದು ಸ್ಟೂಲಿನ ಮೇಲೆ ಕುಸಿದು ಕೂತರು ಆ ಹೆಂಗಸು. “ಈಗ ಅದನ್ನ ದೊಡ್ಡದ ಮಾಡಾಕ ಬರ್ತೈತೇನ್ರೀ?”

ಮ್ಯಾನೇಜರ್ ಕೂಡ ಪರದೆಯ ಬಳಿ ಬಂದು ನಿಂತರು. ಒಳಗೆ ಬರುವುದಿಲ್ಲ ಅವರು, ಅಷ್ಟು ಮರ್ಯಾದೆ ಇತ್ತು. “ಅಕ್ಕ, ಎಂತಾದ್ರು ಮಾಡ್ಲಿಕ್ಕೆ ಆಗ್ತದಾ ನೋಡಿ. ದೊಡ್ಡ ಪಾರ್ಟಿ ಅವರು.”

ಆಗುತ್ತಿತ್ತು. ಇಲ್ಲಿ ನೀವು ಗಮನವಿಟ್ಟು ಓದಬೇಕು. ಗಿಡ್ಡಿಯ ಭುಜ ಅಗಲ, ಉದ್ದದವಳು ಸಪೂರ, ಆದ್ದರಿಂದ ಭುಜದಲ್ಲಿ ಇಬ್ಬರಿಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಬೇಕಾದದ್ದು ಉದ್ದ ಮಾತ್ರ. ಗಿಡ್ಡಿಗೆ ಕತ್ತರಿಸಿದ್ದರಿಂದ ಒಂದು ಒಳ್ಳೆಯ ತುಂಡು ಉಳಿದಿತ್ತು. ಸೊಂಟದಲ್ಲಿ ಬಿಡಿಸಿ, ಕೆಳಗೆ ಬೇರೆ ಭಾಗ ಕೂಡಿಸಿ, ತೋಳಿಗೆ ಹೊರಗೆ ಮಡಿಚುವ ಪಟ್ಟಿ ಕೊಟ್ಟರೆ, ಅದೇ ಹೊಸ ಫ್ಯಾಷನ್ ಎನ್ನಬಹುದಿತ್ತು. ಯಾರಿಗೂ ಜೋಡಿಸಿದ್ದು ಎಂದು ಗೊತ್ತಾಗುತ್ತಿರಲಿಲ್ಲ. ಇದಕ್ಕಿಂತ ಕಷ್ಟದ್ದನ್ನು ನಾನು ಮಾಡಿದ್ದೆ.

ಅವರಿಬ್ಬರೂ ಕಾಯುತ್ತಿದ್ದರು. ನಾನು ಯೋಚಿಸಿದ್ದು ನ್ಯಾಯದ ಬಗ್ಗೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಆಟದ ಬಗ್ಗೆ ತೀರ್ಪು ಹೇಳಲು ನಾನು ಯಾರು? ನಾನು ಯೋಚಿಸಿದ್ದು ಇಷ್ಟೇ. ಉದ್ದದವಳು ಎಂದಾಗ ಹೂಂ ಎಂದೆ. ಗಿಡ್ಡಿ ಎಂದಾಗ ಹೂಂ ಎಂದೆ. ಟ್ರಯಲ್ ಇಲ್ಲ ಎಂದಾಗ ಹೂಂ. ಇವರೆಲ್ಲ ಸೇರಿ ತೀರ್ಮಾನ ಮಾಡುವುದು, ಬದಲಿಸುವುದು, ಆ ಬದಲಾವಣೆಯನ್ನು ಹೊಲಿದು ಮುಚ್ಚುವುದು ನಾನು. ನಾನು ಮುಚ್ಚಿಕೊಟ್ಟರೆ ಗಿಡ್ಡಿ ಬೇಸಗೆಗೆ ವಿಮಾನ ಹತ್ತುತ್ತಾಳೆ. ಸಹಿ ಮಾಡಿ ಕೊಟ್ಟದ್ದು ನನ್ನ ಹೊಲಿಗೆಯ ಕೆಳಗೆ ಅಡಗಿ ಹೋಗುತ್ತದೆ.

“ಖಲಾಸ್,” ಎಂದೆ. “ಕತ್ತರಿ ಬಿದ್ದಾಗಿದೆ.”

ಸೆಕ್ರೆಟರಿ ಅಧ್ಯಕ್ಷರಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು. ಅವರು ಹಿಂದಿಯಲ್ಲಿ, ತುಂಬ ಮರ್ಯಾದೆಯಿಂದಲೇ, ಏನಾದರೂ ದಾರಿ ಇದೆಯೇ ಎಂದು ಕೇಳಿದರು. ಅಷ್ಟು ದೊಡ್ಡ ಗಂಡಸಿನೊಡನೆ ನಾನು ಅದುವರೆಗೆ ಮಾತಾಡಿದವಳಲ್ಲ. ಅಜ್ಜ ಇದ್ದಾಗ ಕರೆಂಟ್ ಬಿಲ್ಲಿನವನೊಡನೆಯೂ ಅವರೇ ಮಾತಾಡುತ್ತಿದ್ದರು. ನಾನು ಸುಮ್ಮನೆ ನಿಂತೆ. ಅವರು ಮತ್ತೆ ಕೇಳಿದರು. ನಾನು ಮತ್ತೂ ಸುಮ್ಮನಿದ್ದೆ. ಜೊತೆಯ ಫಿಲಿಪೀನ್ಸ್ ಹೆಂಗಸು ಮೇಜಿನ ಮೇಲಿದ್ದ ಆ ತುಂಡನ್ನು ಒಮ್ಮೆ ನೋಡಿದಳು, ನನ್ನ ಮುಖ ನೋಡಿದಳು, ಹಿಡಿಯಷ್ಟು ಗುಂಡುಪಿನ್ನುಗಳನ್ನು ತೆಗೆದು ತುಟಿಗಳ ನಡುವೆ ಕಚ್ಚಿಕೊಂಡು ಕೆಲಸಕ್ಕೆ ಬಾಗಿದಳು.

“ಅವರು ಏನೂ ಹೇಳ್ತಿಲ್ಲ ಸರ್,” ಎಂದರು ಸೆಕ್ರೆಟರಿ ಹಿಂದಿಯಲ್ಲಿ. “ಆಗುವುದಿಲ್ಲ ಅಂತ ಅರ್ಥ.”

ಹೊಸ ಬಟ್ಟೆ ತರಿಸಬಹುದೇ ಎಂದು ವಿಚಾರಿಸಿದರು. ದಿನವಿರಲಿಲ್ಲ. ಬೇರೆ ಬಟ್ಟೆಯಲ್ಲಿ ಮಾಡಬಹುದೇ ಎಂದರು. ಬಣ್ಣ ಹೊಂದುವುದಿಲ್ಲ ಎಂದು ಮ್ಯಾನೇಜರೇ ಹೇಳಿದರು. ಒಂದು ಕೋಟು ಬೇರೆ ಬಣ್ಣದ್ದಾದರೆ ಸಾಲು ಛಂದ ಕಾಣುವುದಿಲ್ಲವಲ್ಲ. ಸಂಜೆಗೆ ಗಿಡ್ಡಿಯ ಹೆಸರೇ ಇರಲಿ ಎಂದು ಬಂತು. ಅದಕ್ಕೆ ಕಾರಣವನ್ನೂ ಬರೆದುಕೊಂಡಿದ್ದರಂತೆ: ತಾನು ಅಂಕ ಗಳಿಸುವ ಆಸೆ ಬಿಟ್ಟು ಜೊತೆಯವರಿಗೆ ದಾರಿ ಮಾಡಿಕೊಡುವ ಆಟಗಾರ್ತಿಯನ್ನು ಸಮಿತಿಯು ಒಮ್ಮತದಿಂದ ಗುರುತಿಸಿದೆ ಎಂದು. ಸೆಕ್ರೆಟರಿ ಅದನ್ನು ಫೋನಿನಲ್ಲಿ ಓದಿ ಹೇಳಿದಾಗ ನನಗೆ ನಗು ಬರಲಿಲ್ಲ, ಸುಸ್ತಾಯಿತು.

ಸಮಾರಂಭದ ದಿನ ಸೂಜಿದಾರ ಹಿಡಿದು ವೇದಿಕೆಯ ಪಕ್ಕದ ಪರದೆಯ ಹಿಂದೆ ನಿಂತಿದ್ದೆ, ಟ್ರಯಲ್ ಇಲ್ಲದ ಕೋಟುಗಳಲ್ಲಿ ಯಾವುದು ಎಲ್ಲಿ ಕೈ ಕೊಡುತ್ತದೋ ಎಂದು. ಒಬ್ಬಳ ತೋಳು ಸ್ವಲ್ಪ ಎಳೆಯುತ್ತಿತ್ತು. ಉಳಿದವು ಸರಿಯಾಗಿದ್ದವು. ಕೊನೆಗೆ ಗಿಡ್ಡಿಯನ್ನು ಕರೆದರು. ಅವಳು ಎದ್ದು ಬರಲಿಲ್ಲ. ಬೇರೆ ಯಾರನ್ನೋ ಕರೆದರು ಎಂದುಕೊಂಡು ಹಿಂದೆ ತಿರುಗಿ ನೋಡುತ್ತಿದ್ದಳು. ಉದ್ದದವಳು ಅವಳನ್ನು ತೋಳು ಹಿಡಿದು ಎಬ್ಬಿಸಿ, ವೇದಿಕೆಯ ಮೆಟ್ಟಿಲವರೆಗೆ ತಂದು ಬಿಟ್ಟಳು. ತಿರುಗಿ ಹೋಗುವಾಗ ಉದ್ದದವಳ ಕಣ್ಣು ಒದ್ದೆಯಾಗಿತ್ತು. ಅದು ಯಾವ ಬಗೆಯ ಕಣ್ಣೀರು ಎಂದು ನಾನು ಹೇಳಲಾರೆ. ಅವಳಿಗೂ ಬೇಕಿತ್ತು ಎಂದು ಅವಳೇ ಹೇಳಿದ್ದಳಲ್ಲ. ಅದನ್ನು ನಾನು ಮರೆತಿಲ್ಲ.

ಕೋಟು ಗಿಡ್ಡಿಯ ಭುಜದ ಮೇಲೆ ಸರಿಯಾಗಿ ಕೂತಿತು. ನನಗೆ ಬೇಕಾದದ್ದು ಅಷ್ಟೇ ಆಗಿತ್ತು.

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಆದರೆ ಆ ಆಫೀಸು ಹಾಗೆ ಮುಗಿಸುವಂಥದ್ದಲ್ಲ. ಒಂದು ವಾರ ಕಳೆದ ಮೇಲೆ ಸೆಕ್ರೆಟರಿ ಮತ್ತೆ ಬಂದರು.

“ಅಕ್ಕಾರ, ಉಳಿದ ಬಟ್ಟಿ ಇದ್ರ ವಾಪಸ್ ತಗೊಂಡ್ ಬಾ ಅಂದಾರ್ರೀ. ಏನೂ ಉಳದಿಲ್ಲ ಅಂದ್ರ ಉಳದಿಲ್ಲ ಅಂತ ಹೇಳಬೇಕಂತ.”

ನಾನು ತುಂಡನ್ನು ಬಿಸಾಡಿರಲಿಲ್ಲ, ಅಡಗಿಸಿಯೂ ಇರಲಿಲ್ಲ. ಮಡಚಿ ಕಪಾಟಿನಲ್ಲಿ ಇಟ್ಟಿದ್ದೆ. ತೆಗೆದು ಮೇಜಿನ ಮೇಲಿಟ್ಟೆ. ಅವರು ಮಡಿಕೆ ಬಿಚ್ಚಿದರು. ಬಿಚ್ಚಿದ ಹಾಗೆ ಅದು ಬೆಳೆಯುತ್ತಾ ಹೋಯಿತು. ಅವರು ಅಂಚಿನ ಮೇಲೆ ಗೇಣು ಹಾಕಿ ಅಳೆದರು, ಒಂದು ಕಡೆಯಿಂದ ಇನ್ನೊಂದು ಕಡೆಗೆ. ಹೊಲಿಗೆ ಬಲ್ಲವರು ಅಳೆಯುವ ಹಾಗೆ.

“ನಮ್ಮವ್ವನೂ ಹೊಲೀತಿದ್ಲ್ರೀ,” ಎಂದರು, ಬಟ್ಟೆಯಿಂದ ಕಣ್ಣೆತ್ತದೆ. “ನನ್ನ ಲಂಗಾ ವರ್ಷಾ ವರ್ಷಾ ಕೆಳಗ ಪಟ್ಟಿ ಹಚ್ಚಿ ಉದ್ದ ಮಾಡ್ತಿದ್ಲು.”

ನಾನು ಹೂಂ ಎನ್ನಲೂ ಇಲ್ಲ.

ಅವರು ಬಟ್ಟೆಯನ್ನು ಮೊದಲಿದ್ದ ಮಡಿಕೆಯ ಗುರುತಿನಲ್ಲೇ ಮತ್ತೆ ಮಡಚಿ ನನ್ನ ಕಡೆ ತಳ್ಳಿದರು. “ಇದ್ರಾಗ ಏನೂ ಆಗೂದಿಲ್ ಬಿಡ್ರಿ. ಮಾಫಿ ಅಂತ ಹೇಳ್ತೀನಿ ಆಫೀಸಿನ್ಯಾಗ. ನೀವ ಇಟ್ಕೊಳ್ರಿ.” ಬಾಗಿಲವರೆಗೆ ಹೋಗಿ ತಿರುಗಿದರು. “ಚಹಾ ಕುಡಸ್ರಿ ಒಂದಿನ, ಅಕ್ಕಾರ. ನಿಮ್ಮ ಬಾಯಾಗ ಮಾತು ಹ್ಯಾಂಗ ಬರ್ತಾವ ನೋಡಬೇಕು.”

ಗಿಡ್ಡಿ ಮುಂದಿನ ಚಳಿಗಾಲದಲ್ಲಿ ಅಂಗಡಿಗೆ ಬಂದಿದ್ದಳು, ಕಾಲೇಜಿನ ಹೊಸ ಹುಡುಗಿಯರಿಗೆ ಆಟದ ಬಟ್ಟೆ ಹೊಲಿಸಲು. ಕುತ್ತಿಗೆಯಲ್ಲಿ ಸೀಟಿ ಇತ್ತು. ಹುಡುಗಿಯರು ಅಳತೆಗೆ ನಿಂತಾಗ ಅವಳೇ ಬಾಗಿ ಒಬ್ಬೊಬ್ಬರ ಹಿಮ್ಮಡಿ ನೋಡುತ್ತಿದ್ದಳು.

ದೀಕ್ಷಾ, ನಿನ್ನ ಪ್ರಶ್ನೆಗೆ ಇದು ಉತ್ತರವಾಯಿತೋ ಇಲ್ಲವೋ. ನೀನು ಚೆನ್ನಾಗಿ ಆಡಿದ್ದು ಅವರಿಗೆ ಕಾಣಲಿಲ್ಲ ಎಂದರೆ, ಅವರು ನೋಡುವ ಕಡೆ ನೀನು ಇರಲಿಲ್ಲ ಎಂದಷ್ಟೇ ಇರಬಹುದು. ಆಡುವುದನ್ನು ಬಿಡಬೇಡ. ಸುಹಾನ್, ಅಕ್ಕನನ್ನು ಇದಕ್ಕಾಗಿ ರೇಗಿಸಬೇಡ.

ನಿಮ್ಮ ಮಾವ ಮುಂದಿನ ತಿಂಗಳು ದೋಹಾಕ್ಕೆ ಬರುವಾಗ ಈ ಹಾಳೆಗಳನ್ನು ಕೊಟ್ಟು ಕಳಿಸುತ್ತೇನೆ. ಬಿಡಿ ಹಾಳೆಗಳಾದ್ದರಿಂದ ಒಂದು ಚೀಲ ಹೊಲಿದು ಅದರಲ್ಲಿ ಹಾಕಿದ್ದೇನೆ. ಮರೂನ್ ಬಣ್ಣದ ಉಣ್ಣೆ, ಇಷ್ಟು ವರ್ಷವಾದರೂ ಹೊಳಪು ಹೋಗಿಲ್ಲ. ಒಳ್ಳೆಯ ದೊಡ್ಡ ಚೀಲವೇ ಆಗಿದೆ. ಹೊಲಿದ ಮೇಲೂ ಬಟ್ಟೆ ಉಳಿದಿದೆ. ಹಾಳೆಗಳನ್ನು ಅದರಲ್ಲೇ ಇಟ್ಟು ಜೋಪಾನ ಮಾಡಿ.